ಮಣ್ಣು ನಮ್ಮದು, ಲೆಕ್ಕ ಯಾರದು?

(ರಾಜ್ಯೋತ್ಸವದ ಅಂಗವಾಗಿ ಬೆಂಗಳೂರಿನಲ್ಲಿ ಸೇರಿದ್ದ ಯುವಜನರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಕನ್ನಡದ ತಮ್ಮಂದಿರೇ, ತಂಗಿಯರೇ,

ನವೆಂಬರ್ ಬಂತು. ಬಾವುಟ ಏರಿಸಿದಿರಿ. ಆಟೋಗಳಿಗೆ ಹಳದಿ ಕೆಂಪು ಬಟ್ಟೆ ಕಟ್ಟಿದಿರಿ. ಆರ್ಕೆಸ್ಟ್ರಾ ಕರೆಸಿದ್ದೀರಿ. ಬಹಳ ಸಂತೋಷ. ಆರ್ಕೆಸ್ಟ್ರಾ ಶುರುವಾಗುವ ಮೊದಲು ಅರ್ಧ ಗಂಟೆ ನನಗೆ ಕೊಡಿ. ಹಾಡಿನ ವಿಚಾರ ಅವರು ನೋಡಿಕೊಳ್ಳಲಿ, ನಾನು ಕಲ್ಲಿನ ವಿಚಾರ ಹೇಳುತ್ತೇನೆ.

ಮೊದಲು ಒಂದು ಪ್ರಶ್ನೆ. ಈ ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ. ಆದರೆ ಶಿವನಸಮುದ್ರದ ಕರೆಂಟು ಮೊಟ್ಟಮೊದಲು ಹೋದದ್ದು ಎಲ್ಲಿಗೆ ಗೊತ್ತೇ? 1902ರಲ್ಲಿ, ನೇರವಾಗಿ ಕೋಲಾರದ ಚಿನ್ನದ ಗಣಿಗೆ! ನದಿ ನಮ್ಮದು, ಜಲಪಾತ ನಮ್ಮದು, ಚಿನ್ನ ನಮ್ಮ ನೆಲದ್ದು. ಗಣಿ ನಡೆಸಿದ್ದು ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್. ಕೆಳಗಿಳಿದು ಪ್ರಾಣ ಪಣಕ್ಕಿಟ್ಟವರು ಹೆಚ್ಚಾಗಿ ತಮಿಳು, ತೆಲುಗು ನಾಡಿನ ಬಡವರು. ಅವರ ಮೇಲೆ ಸಿಟ್ಟು ಮಾಡಲು ನಾನಿಲ್ಲಿ ನಿಂತಿಲ್ಲ. ಮೂರು ಕಿಲೋಮೀಟರ್ ಆಳಕ್ಕೆ ಇಳಿದು, ಸುಮಾರು 65 ಡಿಗ್ರಿ ಕಾದ ಬಂಡೆಯ ಪಕ್ಕದಲ್ಲಿ ದುಡಿದವರ ಬೆವರಿಗೆ ಕೈ ಮುಗಿಯಬೇಕು. ನನ್ನ ಪ್ರಶ್ನೆ ನಮ್ಮನ್ನು ಕುರಿತದ್ದು. ನೂರಿಪ್ಪತ್ತು ವರ್ಷದಲ್ಲಿ ಆ ನೆಲದಿಂದ ಸುಮಾರು 800 ಟನ್ ಚಿನ್ನ ಹೋಯಿತು. 2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿತು. ಒಳಗೆಲ್ಲ ನೀರು ತುಂಬಿತು. ಆ ಊರಿನವರು ಬೆಳಗಿನ ಜಾವದ ರೈಲು ಹತ್ತಿ ಇದೇ ಬೆಂಗಳೂರಿಗೆ ದುಡಿಯಲು ಬರುವಂತಾಯಿತು. ಇಷ್ಟು ಕಾಲ ಆ ಗಣಿಯ ನಕ್ಷೆ ಯಾರ ಕೈಯಲ್ಲಿತ್ತು? ಅದಿರಿನ ಲೆಕ್ಕ ಯಾರ ಪುಸ್ತಕದಲ್ಲಿತ್ತು? ಇನ್ನೆಷ್ಟು ಉಳಿದಿದೆ, ಇನ್ನೆಷ್ಟು ಆಳಕ್ಕೆ ಹೋಗಬಹುದು ಎಂದು ಹೇಳುವ ಮಾತು ಯಾರದಾಗಿತ್ತು?

ಬಾವುಟ ಹಿಡಿಯುವ ಕೈ ನಮ್ಮಲ್ಲಿ ಲಕ್ಷ ಇವೆ. ನೆಲದ ಒಡಲನ್ನು ಅಳೆಯಬಲ್ಲ ಕೈ ಎಷ್ಟಿವೆ? ಅದಕ್ಕೇ ಇವತ್ತು ನಿಮಗೆ ಒಂದು ಓದಿನ ದಾರಿ ಹೇಳಲು ಬಂದಿದ್ದೇನೆ. ಗಣಿ ಎಂಜಿನಿಯರಿಂಗಿನ ಸ್ನಾತಕೋತ್ತರ ಪದವಿ, ಅಂದರೆ ಮೈನಿಂಗ್ ಎಂ.ಟೆಕ್. ನಗಬೇಡಿ. ಪೂರ್ತಿ ಕೇಳಿ.

ಒಡಲಲ್ಲಿ ಏನಿದೆ

ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ಇಂದಿಗೂ ಭೂಮಿಯೊಳಗಿನಿಂದ ಚಿನ್ನ ತೆಗೆಯುತ್ತಾರೆ. ಅದು ನಮ್ಮ ರಾಜ್ಯ ಸರ್ಕಾರದ ಕಂಪನಿ. ಅಲ್ಲಿನ ಒಂದು ಶಾಫ್ಟಿನ ಹೆಸರು ಮಲ್ಲಪ್ಪ ಶಾಫ್ಟ್. ಎಷ್ಟು ಚೆಂದದ ಹೆಸರು ನೋಡಿ! ಆ ಸೀಮೆಯಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ನಮ್ಮ ಪೂರ್ವಿಕರು ಬಂಡೆಗೆ ಬೆಂಕಿ ಹಾಕಿ ಕಾಯಿಸಿ, ನೀರು ಸುರಿದು ಬಿರುಕು ಬಿಡಿಸಿ, ನೂರಾರು ಅಡಿ ಆಳಕ್ಕೆ ಹೋಗಿದ್ದರು. ಅಶೋಕನ ಹೆಸರು ಹೇಳುವ ಮಸ್ಕಿ ಶಾಸನ ಅದೇ ಸೀಮೆಯದು. 1915ರಲ್ಲಿ ಅದನ್ನು ಹುಡುಕಿದವನು ಪಂಡಿತನಲ್ಲ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರು. ಬಂಡೆ ನೋಡುವ ಕಣ್ಣಿದ್ದವನಿಗೆ ಇತಿಹಾಸವೂ ಸಿಕ್ಕಿತು.

ಸಂಡೂರು, ಹೊಸಪೇಟೆಯ ಕಬ್ಬಿಣ, ಮ್ಯಾಂಗನೀಸು. ಚಿತ್ರದುರ್ಗ, ತುಮಕೂರಿನ ಅದಿರು. ಕಲಬುರಗಿ ಸೀಮೆಯ ಸುಣ್ಣದ ಕಲ್ಲು. ನಿಮ್ಮ ಅಪಾರ್ಟ್‌ಮೆಂಟಿನ ಸಿಮೆಂಟು ಅದರಿಂದಲೇ. ಇಳಕಲ್ಲಿನ ಕೆಂಪು ಗ್ರಾನೈಟು. ಹಾಸನ ಸೀಮೆಯ ಕ್ರೋಮೈಟು. ಈಚೆಗೆ ಮಂಡ್ಯದ ಮರ್ಲಗಲ್ಲದಲ್ಲಿ ಲಿಥಿಯಂ ಇದೆ ಎಂದು ಕೇಂದ್ರದ ಪರಮಾಣು ಖನಿಜ ನಿರ್ದೇಶನಾಲಯ ಹೇಳಿತು. ಇಷ್ಟೆಲ್ಲ ಇರುವ ನಾಡಿನ ಪಟ್ಟಣದ ಹುಡುಗನನ್ನು ಕೇಳಿ, 'ಏನು ಓದುತ್ತೀಯಪ್ಪ?' ಹತ್ತರಲ್ಲಿ ಒಂಬತ್ತು ಜನರ ಉತ್ತರ ಒಂದೇ: 'ಕಂಪ್ಯೂಟರ್ ಸೈನ್ಸ್, ಅಂಕಲ್.'

ಲೆಕ್ಕ ಬಾರದವನ ಮನೆ

ಲೆಕ್ಕ ಬಾರದವನ ಮನೆಗೆ ಕಳ್ಳ ಹಗಲೇ ನುಗ್ಗುತ್ತಾನೆ. ಬಳ್ಳಾರಿಯಲ್ಲಿ ಆದದ್ದು ಅದೇ. ಲಾರಿಗಳ ಸಾಲು, ಕೆಂಪು ದೂಳು, ರಾಜಕಾರಣ, ಇದೆಲ್ಲ ನಿಮಗೆ ಗೊತ್ತು. ಅದು ಸಿಕ್ಕಿಬಿದ್ದದ್ದು ಹೇಗೆ ಅಂತ ಯೋಚಿಸಿದ್ದೀರಾ? ಘೋಷಣೆ ಕೂಗಿದವರ ಪಾಲೂ ಇದೆ. ಆದರೆ ಕೋರ್ಟಿನಲ್ಲಿ ನಿಂತದ್ದು ಅಳತೆ. ಗುತ್ತಿಗೆಯ ಗಡಿ ಎಲ್ಲಿ, ಅಗೆದ ಗುಂಡಿ ಎಲ್ಲಿ, ಪರ್ಮಿಟ್ಟಿನಲ್ಲಿ ಬರೆದ ಟನ್ ಎಷ್ಟು, ಬಂದರಿಗೆ ಹೋದ ಟನ್ ಎಷ್ಟು? ಇವನ್ನು ತಾಳೆ ಹಾಕಿದಾಗ ಬಣ್ಣ ಬಯಲಾಯಿತು. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು. ಅದೇ ತಿಂಗಳು ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಆಮೇಲೆ ಗಣಿಗಳನ್ನು ಸರ್ವೆ ಮಾಡಿಸಿ, ಎಷ್ಟೆಷ್ಟು ತಪ್ಪು ಮಾಡಿವೆ ಎಂದು ಎ, ಬಿ, ಸಿ ಎಂದು ವಿಂಗಡಿಸಿದರು. ಕರ್ನಾಟಕ–ಆಂಧ್ರ ಗಡಿಯ ಗುರುತು ಎಲ್ಲಿ ಎಂಬ ಜಗಳ ಸರ್ವೆ ಆಫ್ ಇಂಡಿಯಾದವರೆಗೂ ಹೋಯಿತು. ಗಡಿಗಾಗಿ ಪ್ರಾಣ ಕೊಡುತ್ತೇವೆ ಎನ್ನುವ ನಾವು, ಗಡಿ ಅಳೆಯುವ ವಿದ್ಯೆಯನ್ನು ಕಲಿತಿದ್ದೇವೆಯೇ?

ಈಗಲೂ ಆ ಕೆಲಸ ಮುಗಿದಿಲ್ಲ. ವರ್ಷಕ್ಕೆ ಇಷ್ಟೇ ತೆಗೆಯಬೇಕು ಎಂದು ಸುಪ್ರೀಂ ಕೋರ್ಟು ಮಿತಿ ಹಾಕಿತ್ತು. 2022ರಲ್ಲಿ ಆ ಮಿತಿಯನ್ನು ಬಳ್ಳಾರಿ ಸೀಮೆಗೆ 3.5 ಕೋಟಿ ಟನ್, ಚಿತ್ರದುರ್ಗ ಮತ್ತು ತುಮಕೂರಿಗೆ ಸೇರಿ 1.5 ಕೋಟಿ ಟನ್ ಎಂದು ಏರಿಸಿತು. ಇಷ್ಟು ಟನ್ನು ಸರಿಯಾಗಿ ಹೊರಡುತ್ತಿದೆಯೇ, ಗುಂಡಿಯ ಗೋಡೆ ನಿಲ್ಲುತ್ತದೆಯೇ, ಕೆಳಗಿನ ಹಳ್ಳಿಯ ಕೆರೆಗೆ ಹೂಳು ಹೋಗುತ್ತದೆಯೇ? ನೋಡುವವರು ಬೇಕು. ನೋಡಿ ಕಾಗದದ ಮೇಲೆ ಬರೆದು ಸಹಿ ಹಾಕುವವರು ಬೇಕು.

ಏನು ಈ ಓದು?

ಎಂ.ಟೆಕ್ ಎರಡು ವರ್ಷದ್ದು. ಗೇಟ್ ಎಂಬ ಪರೀಕ್ಷೆ ಬರೆಯಬೇಕು. ಮೂರು ಗಂಟೆ, 65 ಪ್ರಶ್ನೆ, 100 ಅಂಕ. ಬಂದ ಅಂಕ ಮೂರು ವರ್ಷ ನಡೆಯುತ್ತದೆ. ಗೇಟ್ ಮೂಲಕ ಸರ್ಕಾರಿ ಸಂಸ್ಥೆಗೆ ಸೇರಿದರೆ ತಿಂಗಳಿಗೆ 12,400 ರೂಪಾಯಿ ಶಿಷ್ಯವೇತನ. ಅಪ್ಪನ ಜೇಬಿಗೆ ಕೈ ಹಾಕದೆ ಓದಬಹುದು, ಗೆಳೆಯರೇ. ಬಿ.ಇ.ಯಲ್ಲಿ ಮೈನಿಂಗ್ ಓದಿದವರಿಗೆ ನೇರ ದಾರಿ. ಸಿವಿಲ್‌ನವರಿಗೆ, ಭೂವಿಜ್ಞಾನದ ಎಂ.ಎಸ್ಸಿ.ಯವರಿಗೆ ಬಾಗಿಲು ತೆರೆದಿರುವ ಕೋರ್ಸುಗಳೂ ಇವೆ. ಆಯಾ ವರ್ಷದ ಪ್ರಕಟಣೆ ನೋಡಿ ಅರ್ಜಿ ಹಾಕಿ.

ಎಲ್ಲಿ ಓದುವುದು? ಧನ್‌ಬಾದಿನ ಗಣಿ ಶಾಲೆ 1926ರಲ್ಲಿ ಶುರುವಾದದ್ದು. 2016ರಲ್ಲಿ ಐಐಟಿ ಆಯಿತು. ಖರಗ್‌ಪುರ, ಬನಾರಸ್ಸಿನ ಐಐಟಿಗಳಲ್ಲೂ ಇದೆ. ನಮ್ಮಲ್ಲಿ? ಸುರತ್ಕಲ್ಲಿನಲ್ಲಿ, 1960ರಲ್ಲಿ ಕೆ.ಆರ್.ಇ.ಸಿ. ಎಂದು ಹುಟ್ಟಿ ಈಗ ಎನ್.ಐ.ಟಿ. ಆಗಿರುವ ಕಾಲೇಜಿನಲ್ಲಿ ಗಣಿ ವಿಭಾಗವಿದೆ, ಬಿ.ಟೆಕ್ ಮಾಡಬಹುದು, ಸಂಶೋಧನೆ ಮಾಡಬಹುದು. ಕೆಜಿಎಫ್‌ನ ಊರಿಗಾಂನಲ್ಲಿ ಡಿಪ್ಲೊಮಾ ಕೊಡುವ ಸ್ಕೂಲ್ ಆಫ್ ಮೈನ್ಸ್ ಇದೆ. ಅದೇ ಊರಿನಲ್ಲಿ ಮೈನಿಂಗ್ ಬಿ.ಇ. ಕಲಿಸುವ ಕಾಲೇಜೂ ಇದೆ.

ಒಳಗೆ ಕಲಿಸುವುದೇನು? ಬರೀ ಗುದ್ದಲಿ, ಪಿಕಾಸಿ ಅಂದುಕೊಂಡಿರಾ? ನಾಲ್ಕು ಉದಾಹರಣೆ ಕೊಡುತ್ತೇನೆ.

ಮೊದಲನೆಯದು ಬಂಡೆಯ ಬಲ. ಕೋಲಾರದ ಆಳದಲ್ಲಿ ಬಂಡೆ ತನ್ನಷ್ಟಕ್ಕೆ ಬಾಂಬಿನಂತೆ ಸಿಡಿಯುತ್ತಿತ್ತು. ಮೇಲಿನ ಭಾರ ತಡೆಯಲಾರದೆ ಒತ್ತಡ ಕಟ್ಟಿ ಒಮ್ಮೆಲೇ ಒಡೆಯುವುದು. ಅದಕ್ಕೆ ರಾಕ್‌ಬರ್ಸ್ಟ್ ಎನ್ನುತ್ತಾರೆ. ಎಷ್ಟೋ ಜೀವ ಹೋದವು. ಅಂಥ ನೆಲದಲ್ಲೇ 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ ಹುಟ್ಟಿತು. ಈ ವಿದ್ಯೆ ಗಣಿಗೆ ಮಾತ್ರ ಸೀಮಿತವೇ? ನೀವು ನಿತ್ಯ ಹತ್ತುವ ಮೆಟ್ರೋ ನೋಡಿ. ಊರ್ಜಾ, ಅವನಿ, ತುಂಗಾ, ಭದ್ರಾ ಎಂದು ಹೆಸರಿಟ್ಟ ಯಂತ್ರಗಳು ಈ ಊರಿನ ಹೊಟ್ಟೆ ಕೊರೆದವು. ಒಂದು ಕಡೆ ಗಟ್ಟಿ ಬಂಡೆ, ಪಕ್ಕದಲ್ಲೇ ಮೆತ್ತನೆ ಮಣ್ಣು. ಅದನ್ನು ಓದಬಲ್ಲವನಿಗೆ ಬೆಂಗಳೂರಿನಲ್ಲೇ ಕೆಲಸವಿದೆ.

ಎರಡನೆಯದು ಅದಿರಿನ ಲೆಕ್ಕ. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕು ಎನ್ನುತ್ತಾರೆ ನಮ್ಮ ಅಜ್ಜಿಯರು. ಗಣಿಯಲ್ಲಿ ಆ ಗಾದೆ ನಡೆಯುವುದಿಲ್ಲ! ಒಂದು ಹಿಡಿ ಕಲ್ಲು ಪರೀಕ್ಷೆ ಮಾಡಿದಾಗ ಟನ್ನಿಗೆ 20 ಗ್ರಾಂ ಚಿನ್ನ ತೋರಿತು ಅನ್ನಿ. ಇಡೀ ಬ್ಲಾಕಿನಲ್ಲಿ ಅಷ್ಟೇ ಇದೆ ಎಂದು ನಂಬಿ ಅಗೆದರೆ ಕೈಗೆ ಬರುವುದು ಕಡಿಮೆ. ಬಡ ಎಂದು ಬಿಟ್ಟ ಬ್ಲಾಕಿನಲ್ಲಿ ಅಂದುಕೊಂಡದ್ದಕ್ಕಿಂತ ಹೆಚ್ಚಿರುತ್ತದೆ. ಈ ಮೋಸವನ್ನು ಹಿಡಿದವನು ದಕ್ಷಿಣ ಆಫ್ರಿಕಾದ ಡ್ಯಾನಿ ಕ್ರೀಗೆ. ಅವನು ಅಲ್ಲಿನ ಚಿನ್ನದ ಗಣಿಗಳ ಅಂಕಿಗಳನ್ನು ಹಿಡಿದು ಕೂತು, 1951ರಲ್ಲಿ ವಿಟ್‌ವಾಟರ್ಸ್‌ರ್ಯಾಂಡ್ ವಿಶ್ವವಿದ್ಯಾಲಯಕ್ಕೆ ಪ್ರಬಂಧ ಬರೆದುಕೊಟ್ಟ. ಯಾವ ಪದವಿಗೆ? ಪಿಎಚ್.ಡಿ.ಗಲ್ಲ. ಗಣಿ ಎಂಜಿನಿಯರಿಂಗಿನ ಸ್ನಾತಕೋತ್ತರ ಪದವಿಗೆ! ಮುಂದೆ ಫ್ರಾನ್ಸಿನ ಗಣಿತಜ್ಞ ಮಾಥೆರಾನ್ ಅದನ್ನು ಬೆಳೆಸಿ, ಅದಕ್ಕೆ ಅವನ ಹೆಸರೇ ಇಟ್ಟ: ಕ್ರೀಗಿಂಗ್. ಇಂದು ಗಣಿಯಲ್ಲಷ್ಟೇ ಅಲ್ಲದೆ ಮಳೆ, ಅಂತರ್ಜಲ, ಮಾಲಿನ್ಯದ ಲೆಕ್ಕಕ್ಕೂ ಅದನ್ನು ಬಳಸುತ್ತಾರೆ. ತನ್ನ ಊರಿನ ಕಲ್ಲಿನ ಲೆಕ್ಕವನ್ನು ತಾನೇ ಮಾಡುತ್ತೇನೆ ಎಂದು ಕೂತ ಒಬ್ಬ ವಿದ್ಯಾರ್ಥಿಯ ಪ್ರಬಂಧ ಜಗತ್ತಿಗೆ ಪಾಠವಾಯಿತು. ಹಟ್ಟಿಯ ಮೇಲೆ, ಸಂಡೂರಿನ ಮೇಲೆ ಅಂಥ ಪ್ರಬಂಧ ಬರೆಯುವ ಕನ್ನಡದ ಹುಡುಗ, ಹುಡುಗಿ ಈ ಸಭೆಯಲ್ಲಿ ಇರಬಾರದೇ?

ಮೂರನೆಯದು ಸ್ಫೋಟ. 2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡು, ಮರು ತಿಂಗಳೇ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿ. ಕಲ್ಲುಕ್ವಾರಿಗೆಂದು ತಂದ ಸ್ಫೋಟಕ ಸಿಡಿದು ಬಡಪಾಯಿಗಳು ಛಿದ್ರವಾದರು. ಮದ್ದನ್ನು ಎಷ್ಟು ಇಡಬೇಕು, ಎಲ್ಲಿ ಇಡಬೇಕು, ಹೇಗೆ ಸಾಗಿಸಬೇಕು, ಮನೆಗಳ ಗೋಡೆ ಬಿರುಕು ಬಿಡದಂತೆ ಹೇಗೆ ಸಿಡಿಸಬೇಕು ಎನ್ನುವುದು ಒಂದು ಶಾಸ್ತ್ರ. ನಮ್ಮ ಅರ್ಧ ಕ್ವಾರಿಗಳಲ್ಲಿ ಅದು ಅಂದಾಜಿನ ಮೇಲೆ ನಡೆಯುತ್ತಿರುವಂತೆ ಕಾಣುತ್ತದೆ.

ನಾಲ್ಕನೆಯದು ಗಣಿ ಮುಚ್ಚುವುದು. ತೆರೆಯುವುದಷ್ಟೇ ವಿದ್ಯೆಯಲ್ಲ. ಕುದುರೆಮುಖದಲ್ಲಿ 1976ರಲ್ಲಿ ಕಂಪನಿ ಬಂತು, ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಅಗೆತ ನಿಂತಿತು. ಭದ್ರೆ ಹುಟ್ಟುವ ಕಾಡಿನ ನಡುವೆ ಉಳಿದ ಗುಡ್ಡ, ಹೂಳಿನ ಕಟ್ಟೆ, ಖಾಲಿ ಊರು, ಇವನ್ನು ಏನು ಮಾಡಬೇಕು? ಕೆಜಿಎಫ್‌ನ ಸೈನೈಡ್ ದಿಬ್ಬಗಳ ದೂಳು ಬೇಸಿಗೆ ಗಾಳಿಗೆ ಮನೆಯೊಳಗೆ ಬರುತ್ತದೆ. ಅವನ್ನು ಮತ್ತೆ ಸಂಸ್ಕರಿಸುವ ವಿಷಯ 2024ರಲ್ಲಿ ನಮ್ಮ ಸಚಿವ ಸಂಪುಟದವರೆಗೂ ಬಂತು. ಅದರ ಒಳಿತು ಕೆಡುಕನ್ನು ಸಂಪುಟಕ್ಕೆ ಬಿಡಿಸಿ ಹೇಳುವವರು ಆ ಊರಿನ ಮಕ್ಕಳೇ ಆಗಿರಬೇಡವೇ?

ಮಿಸ್‌ಫೈರ್ ಅಂದ್ರ ಏನ್ರೀ?

'ಇದಕ್ಕೂ ಕನ್ನಡಕ್ಕೂ ಏನು ಸಂಬಂಧ?' ಎಂದು ಕೆಲವರು ಮುಖ ನೋಡಿಕೊಳ್ಳುತ್ತಿದ್ದೀರಿ. ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ. ಉತ್ತರ ಕರ್ನಾಟಕದ ಒಂದು ಗಣಿ, ಹೆಸರು ಬೇಡ. ಹೊಸದಾಗಿ ಸೇರಿದ ಕೂಲಿಗಳಿಗೆ ಸುರಕ್ಷತೆಯ ತರಗತಿ. ಸುತ್ತಲ ಹಳ್ಳಿಯ ಇಪ್ಪತ್ತು ಹುಡುಗರು ಕೂತಿದ್ದರು. ಹೊರಗಿನಿಂದ ಬಂದ ಅಧಿಕಾರಿ ಒಂದು ಗಂಟೆ ಹಿಂದಿ, ಇಂಗ್ಲಿಷು ಬೆರೆಸಿ ಓದಿದರು. ಎಲ್ಲರೂ ತಲೆಯಾಡಿಸಿದರು. ಕೊನೆಗೆ ಒಬ್ಬ ಹುಡುಗ ಧೈರ್ಯ ಮಾಡಿ ಎದ್ದ.

'ಸಾಹೇಬ್ರ, ಮಿಸ್‌ಫೈರ್ ಅಂದ್ರ ಏನ್ರೀ?'

'ಬ್ಲಾಸ್ಟ್ ಫೇಲ್ಯೂರ್' ಎಂದರು ಸಾಹೇಬರು. ಹುಡುಗ ಕೂತುಬಿಟ್ಟ. ಆಗ ಹಿಂದೆ ಗೋಡೆಗೆ ಒರಗಿದ್ದ ಹಳೆಯ ಕೆಲಸಗಾರ ಹೇಳಿದ: 'ತಮ್ಮಾ, ಸಿಡೀಲಾರದ ಮದ್ದು ತೂತಿನ್ಯಾಗ ಹಂಗ ಕುಂತೈತಿ ಅಂತ. ಆ ತೂತಿಗೆ ಮತ್ತ ಡ್ರಿಲ್ ಹಚ್ಚಿದ್ರ ನೀನೂ ಇರಂಗಿಲ್ಲ, ನಾನೂ ಇರಂಗಿಲ್ಲ.'

ಇಪ್ಪತ್ತು ಮುಖಗಳಲ್ಲೂ ಆಗ ಅರ್ಥ ಆದದ್ದು ಕಾಣಿಸಿತು. ಒಂದು ಗಂಟೆಯ ಪಾಠ ಮಾಡದ ಕೆಲಸವನ್ನು ಎರಡು ವಾಕ್ಯದ ಕನ್ನಡ ಮಾಡಿತು. ಆ ಮುದುಕ ಅವತ್ತು ರಜೆ ಹಾಕಿದ್ದರೆ? ಭಾಷೆಯ ಹಕ್ಕು ಬೋರ್ಡಿನ ಮೇಲಿನ ಅಕ್ಷರದಲ್ಲಿ ಮುಗಿಯುವುದಿಲ್ಲ. ಗಣಿಯೊಳಗೆ ಅದು ಪ್ರಾಣದ ಪ್ರಶ್ನೆ. ಅಧಿಕಾರಿಯನ್ನು ಬೈದು ಫಲವಿಲ್ಲ. ಆ ಕುರ್ಚಿಯಲ್ಲಿ ಕೂರುವ ಅರ್ಹತೆ ಪಡೆದ ಕನ್ನಡಿಗ ಅಲ್ಲಿರಲಿಲ್ಲ, ಅದೇ ನನ್ನ ದೂರು.

ಕಷ್ಟವನ್ನೂ ಕೇಳಿ

ಬಣ್ಣದ ಮಾತು ಹೇಳಿ ನಿಮ್ಮನ್ನು ಗುಂಡಿಗೆ ತಳ್ಳುವವನು ನಾನಲ್ಲ. ಎಂ.ಟೆಕ್ ಕೈಯಲ್ಲಿದ್ದ ಮಾತ್ರಕ್ಕೆ ಗಣಿ ನಡೆಸಲು ಬಿಡುವುದಿಲ್ಲ. ಮ್ಯಾನೇಜರ್ ಆಗಬೇಕಾದರೆ ಗಣಿಯಲ್ಲಿ ದುಡಿದ ಅನುಭವ ಬೇಕು, ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ ಪರೀಕ್ಷೆ ಪಾಸು ಮಾಡಿ ಪ್ರಮಾಣಪತ್ರ ಪಡೆಯಬೇಕು. ಬೇಗ ಸಂಬಳ ಬೇಕು ಎನ್ನುವವರು ಬಿ.ಇ. ಮುಗಿಸಿ ನೇರ ಕೆಲಸಕ್ಕೆ ಸೇರುವುದೇ ಒಳ್ಳೆಯದು. ಯೋಜನೆ, ವಿನ್ಯಾಸ, ಸಂಶೋಧನೆ, ಪಾಠ, ಈ ಕಡೆ ಮನಸ್ಸಿದ್ದವರಿಗೆ ಎಂ.ಟೆಕ್. ಅದಿರಿನ ಬೆಲೆ ಬಿದ್ದ ವರ್ಷ ಕೆಲಸವೂ ಬೀಳುತ್ತದೆ. ಮಾಲ್ ಇರುವ ಊರಿನಲ್ಲಿ ಗಣಿ ಇರುವುದಿಲ್ಲ. ದೂಳಿದೆ, ರಾತ್ರಿ ಪಾಳಿ ಇದೆ, ಅಪಾಯವಿದೆ. 1975ರ ಡಿಸೆಂಬರಿನಲ್ಲಿ ಧನ್‌ಬಾದ್ ಬಳಿಯ ಚಸ್ನಾಲಾದಲ್ಲಿ ಹಳೆಯ ಗಣಿಯಲ್ಲಿ ನಿಂತಿದ್ದ ನೀರು ನುಗ್ಗಿ 375 ಜನ ಸತ್ತರು. ಹಾಗಾಗಿಯೇ ಈ ಓದಿನಲ್ಲಿ ನಕ್ಷೆಗೆ, ಗಾಳಿಗೆ, ನೀರಿಗೆ ಅಷ್ಟು ಮಹತ್ವ.

ಧನ್‌ಬಾದಿಗೆ ಹೋದರೆ ಹಿಂದಿ ಕಿವಿಗೆ ಬೀಳುತ್ತದೆ. ಬೀಳಲಿ, ಬೇಕಿದ್ದರೆ ಕಲಿಯಿರಿ. ಇಷ್ಟಪಟ್ಟು ಕಲಿತ ಭಾಷೆ ಸಂಪತ್ತು. ತಲೆಯ ಮೇಲೆ ಹೇರಿದ ಭಾಷೆ ಹೊರೆ. ಆ ವ್ಯತ್ಯಾಸ ಗೊತ್ತಿದ್ದವನು ಯಾವ ಊರಿಗೂ ಹೆದರಬೇಕಾಗಿಲ್ಲ.

ತಂಗಿಯರೇ, ನಿಮಗೊಂದು ಮಾತು. ಭೂಮಿಯೊಳಗಿನ ಗಣಿಗೆ ಹೆಣ್ಣುಮಕ್ಕಳು ದುಡಿಯಲು ಇಳಿಯಕೂಡದು ಎಂದು 1952ರ ಕಾನೂನು ಹೇಳಿತ್ತು. 2019ರ ಜನವರಿಯಲ್ಲಿ ಕೇಂದ್ರ ಸರ್ಕಾರ ಆ ಬಾಗಿಲು ತೆರೆಯಿತು. ತಾಂತ್ರಿಕ, ಮೇಲ್ವಿಚಾರಣೆಯ, ಆಡಳಿತದ ಕೆಲಸಕ್ಕೆ ಹಗಲು ಹೊತ್ತಿನಲ್ಲಿ ಇಳಿಯಬಹುದು ಎಂದಿತು. ಹಿಂದಿನವರಿಗೆ ಇಲ್ಲದ ಅವಕಾಶ ನಿಮಗಿದೆ. ಮಲ್ಲಪ್ಪ ಶಾಫ್ಟಿನಲ್ಲಿ ಮಲ್ಲಮ್ಮನೂ ಇಳಿಯಲಿ!

ನಮ್ಮ ಹಕ್ಕೊತ್ತಾಯ

1986ರಲ್ಲಿ ಸರೋಜಿನಿ ಮಹಿಷಿ ಸಮಿತಿ 58 ಶಿಫಾರಸುಗಳ ವರದಿ ಕೊಟ್ಟಿತು. ಕನ್ನಡಿಗರಿಗೆ ಕೆಲಸ ಕೊಡಿ ಎಂದು ಅಂದಿನಿಂದ ಕೂಗುತ್ತಿದ್ದೇವೆ. ಕೂಗಲೇಬೇಕು. ಆದರೆ ಗೇಟಿನ ಕಾವಲು, ಲಾರಿಯ ಕ್ಲೀನರು, ಇಷ್ಟಕ್ಕೇ ತೃಪ್ತಿಪಟ್ಟರೆ ಹೇಗೆ? ಮೇಲಿನ ಕುರ್ಚಿಗೆ ಅರ್ಜಿ ಹಾಕಲು ನಮ್ಮವರ ಕೈಯಲ್ಲಿ ಪದವಿ ಇರಬೇಕಲ್ಲ? ಆದ್ದರಿಂದ ಸರ್ಕಾರವನ್ನು ಕೇಳೋಣ.

ಒಂದು: ಜೆಇಇ ಮೇನ್ ಪರೀಕ್ಷೆಯನ್ನು 2021ರಿಂದ ಕನ್ನಡದಲ್ಲೂ ಬರೆಯಬಹುದು. ಗೇಟ್ ಮಾತ್ರ ಇಂಗ್ಲಿಷಿನಲ್ಲೇ ಏಕೆ? ಅದೂ ಕನ್ನಡದಲ್ಲಿ ಬರಲಿ.

ಎರಡು: ಗಣಿ ಬಾಧಿತ ಊರುಗಳಿಗೆಂದು 2015ರ ತಿದ್ದುಪಡಿಯ ನಂತರ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಬಂದಿವೆ. ಆ ಹಣದಲ್ಲಿ ಅದೇ ಊರಿನ ಮಕ್ಕಳಿಗೆ ಮೈನಿಂಗ್ ಬಿ.ಇ., ಎಂ.ಟೆಕ್ ಓದಲು ವಿದ್ಯಾರ್ಥಿವೇತನ ಕೊಡಲಿ. ದೂಳು ಕುಡಿದವರಿಗೆ ವಿದ್ಯೆಯೂ ಸಿಗಲಿ.

ಮೂರು: ಕರ್ನಾಟಕದ ಪ್ರತಿಯೊಂದು ಗಣಿಯಲ್ಲಿ, ಕ್ವಾರಿಯಲ್ಲಿ ಸುರಕ್ಷತೆಯ ತರಬೇತಿ ಕಡ್ಡಾಯವಾಗಿ ಕೆಲಸಗಾರರಿಗೆ ಅರ್ಥವಾಗುವ ಮಾತಿನಲ್ಲಿ ನಡೆಯಲಿ. ಕನ್ನಡದವನಿಗೆ ಕನ್ನಡದಲ್ಲಿ, ಒಡಿಶಾದಿಂದ ಬಂದ ಕೂಲಿಗೆ ಅವನ ಮಾತಿನಲ್ಲಿ. ಜೀವ ಎಲ್ಲರದೂ ಒಂದೇ.

ನಾಲ್ಕು: ನಮ್ಮ ಗಣಿಗಳ ಮೇಲೆ ಪ್ರಬಂಧ ಬರೆದವರು ಅದರ ಸಾರವನ್ನು ಹತ್ತು ಪುಟ ಕನ್ನಡದಲ್ಲಿ ಬರೆದು ಆ ಊರಿನ ಗ್ರಂಥಾಲಯಕ್ಕೆ ಕೊಡಲಿ.

ಮೊದಲ ಮೂರಕ್ಕೆ ಚಳವಳಿ ಬೇಕು. ನಾಲ್ಕನೆಯದಕ್ಕೆ ಯಾರ ಅಪ್ಪಣೆಯೂ ಬೇಡ. ನೀವು ಮನಸ್ಸು ಮಾಡಿದರೆ ಸಾಕು.

ಮುಗಿಸುತ್ತೇನೆ. 1965ರಲ್ಲಿ ಕೋಲಾರದ ಚಾಂಪಿಯನ್ ರೀಫ್ ಗಣಿಯ ಆಳದಲ್ಲಿ ಕೂತು, ವಾತಾವರಣದಲ್ಲಿ ಹುಟ್ಟಿ ಭೂಮಿಯನ್ನೇ ತೂರಿ ಬರುವ ನ್ಯೂಟ್ರಿನೊ ಕಣವನ್ನು ವಿಜ್ಞಾನಿಗಳು ಹಿಡಿದರು. ಇಡೀ ಜಗತ್ತು ಆ ಗುಂಡಿಯ ಕಡೆ ನೋಡಿತು. ಆ ಗುಂಡಿ ಇಲ್ಲಿಂದ ನೂರು ಕಿಲೋಮೀಟರ್. ಈ ಸಭೆಯಲ್ಲಿ ಎಷ್ಟು ಜನ ಅಲ್ಲಿಗೆ ಹೋಗಿದ್ದೀರಿ? ಕೈ ಎತ್ತಿ. ...ನೋಡಿದಿರಾ? ಬೆರಳಲ್ಲಿ ಎಣಿಸಬಹುದು.

ಮುಂದಿನ ಭಾನುವಾರ ಮಾರಿಕುಪ್ಪಂ ರೈಲು ಹತ್ತಿ. ಆ ಶಾಫ್ಟುಗಳ ತುಕ್ಕು ಹಿಡಿದ ಚಕ್ರಗಳನ್ನು ನೋಡಿ ಬನ್ನಿ. ಬಂದ ಮೇಲೆ ಗೇಟ್ ಪರೀಕ್ಷೆಯ ಹಳೆಯ ಪ್ರಶ್ನೆಪತ್ರಿಕೆ ಒಂದನ್ನು ಮುಂದಿಟ್ಟುಕೊಂಡು ಕೂತುಕೊಳ್ಳಿ. ಈ ಸಭೆಯಿಂದ ಐದು ಜನ ಎದ್ದು ಹೋಗಿ ಓದಿ ಬಂದರೆ ಸಾಕು, ನನ್ನ ಅರ್ಧ ಗಂಟೆ ಸಾರ್ಥಕ. ಮುಂದೆ ಯಾವನೋ ಬಂದು 'ಈ ಗುಡ್ಡದಲ್ಲಿ ಏನಿಲ್ಲ, ಸುಮ್ಮನೆ ಬರೆದುಕೊಡಿ' ಎಂದಾಗ, 'ತಡಿ ಸ್ವಾಮಿ, ಲೆಕ್ಕ ನಾವೇ ಹಾಕುತ್ತೇವೆ' ಎನ್ನಲು ಆ ಐದು ಜನ ಇರುತ್ತಾರೆ.

ಸಿರಿಗನ್ನಡಂ ಗೆಲ್ಗೆ!